ಕೊಟ್ಟ ಹಣವನ್ನು ಯಂತ್ರ ಮರಳಿ ಕೇಳಿದಾಗ



ಇವತ್ತು ನಾನು ಬಿತ್ತನೆಯ ಮಾತನ್ನಾಗಲಿ, ಗೊಬ್ಬರದ ಮಾತನ್ನಾಗಲಿ ಆಡುವುದಿಲ್ಲ. ಒಂದು ಕಾಗದದ ಮಾತು ಆಡುತ್ತೇನೆ. ಅಂಥ ಕಾಗದ ನಿಮ್ಮ ಮನೆಗೂ ಬಂದಿರಬಹುದು, ಇಲ್ಲವೆ ಮುಂದೆ ಬರಬಹುದು. ಕಾಗದವೇ ಬಾರದೆ ಮೊಬೈಲಿನಲ್ಲಿ ಎರಡು ಸಾಲು ಬಂದರೂ ಬರಬಹುದು. "ಸರ್ಕಾರದಿಂದ ಪಡೆದ ಹಣಕ್ಕೆ ನೀವು ಅರ್ಹರಲ್ಲ, ಪಡೆದದ್ದನ್ನು ಮರಳಿ ಕಟ್ಟತಕ್ಕದ್ದು" ಎಂಬುದು ಅದರ ಸಾರಾಂಶ.

ಅತ್ತಿಬೆಲೆ ಹೋಬಳಿಯ ಹಿರಿಯರೊಬ್ಬರು ಒಂದು ಬೆಳಗ್ಗೆ ನನ್ನನ್ನು ಹುಡುಕಿಕೊಂಡು ಬಂದರು. ಅವರ ಹೊಲದ ಬದುವಿನ ಮೇಲೆ ನಿಂತರೆ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಕಾಣುತ್ತವೆ. ಮೂರು ಎಕರೆ ಇದ್ದದ್ದರಲ್ಲಿ ಒಂದು ಎಕರೆ ಕೈಗಾರಿಕೆಗೆಂದು ಹೋಯಿತು. ಉಳಿದ ಎರಡರಲ್ಲಿ ರಾಗಿ, ಸಾಲಿಗೆ ಅವರೆ, ಒಂದು ಮೂಲೆಯಲ್ಲಿ ಹಿಪ್ಪುನೇರಳೆ. ನಾಲ್ಕು ಮಡಿಕೆ ಮಾಡಿದ ಕಾಗದವನ್ನು ಅಂಗಿಯ ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಪಿ.ಎಂ. ಕಿಸಾನ್ ಯೋಜನೆಯ ಎಂಟು ಕಂತು, ಕಂತಿಗೆ 2 ಸಾವಿರದಂತೆ 16 ಸಾವಿರ ರೂಪಾಯಿ ಮರಳಿಸಬೇಕೆಂದು ಅದರಲ್ಲಿತ್ತು. ಕಾರಣದ ಜಾಗದಲ್ಲಿ ಎರಡೇ ಮಾತು: "ಆದಾಯ ತೆರಿಗೆ ಪಾವತಿದಾರ".

"ನಾನು ತೆರಿಗೆ ಕಟ್ಟೋನಾ ಸಾಮಿ? ಕಂದಾಯ ಬಿಟ್ಟರೆ ನಾನೇನು ಕಟ್ಟಿದ್ದೀನಿ? ಆದರೂ ಸರ್ಕಾರ ಅಂದಮೇಲೆ ಸುಳ್ಳು ಬರೀತಾರಾ? ಭಾನುವಾರ ದಳ್ಳಾಳಿ ಬರ್ತಾನೆ, ಹಸು ನೋಡೋಕೆ" ಎಂದರು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಬಿಡಬೇಕು. ಆ ದಿನ ನಾನೂ "ಕಟ್ಟಿಬಿಡಿ ಯಜಮಾನರೇ, ಇಲ್ಲದಿದ್ದರೆ ಬಡ್ಡಿ ಗಿಡ್ಡಿ ಅಂತ ಬೆಳೆದೀತು" ಎಂದೆ. ಮೇಲಿನಿಂದ ಬಂದ ಪಟ್ಟಿ, ಗಣಕಯಂತ್ರ ತೆಗೆದ ಪಟ್ಟಿ, ಅದರಲ್ಲಿ ಹೆಸರಿದೆ ಅಂದಮೇಲೆ ಮುಗಿಯಿತು ಎಂದು ನನ್ನ ಮನಸ್ಸಿನಲ್ಲಿತ್ತು. ಅವರು ಎದ್ದು ಹೋದಮೇಲೆ ಯೋಜನೆಯ ನಿಯಮವನ್ನು ಇನ್ನೊಮ್ಮೆ ಓದಿದೆ. ಓದಿ, ಸಂಜೆ ಮೋಟಾರು ಸೈಕಲ್ಲಿನಲ್ಲಿ ಅವರ ಮನೆಗೇ ಹೋಗಿ "ಹಸು ಮಾರಬೇಡಿ" ಎಂದು ಹೇಳಿ ಬಂದೆ. ಏಕೆಂದು ಮುಂದೆ ಹೇಳುತ್ತೇನೆ. ಮೊದಲು ಈ ಪಟ್ಟಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ.

ಹಿಂದೆ ಶ್ಯಾನುಭೋಗರ ಕಾಲದಲ್ಲಿ ಹಳ್ಳಿಯ ಲೆಕ್ಕ ಹಳ್ಳಿಯ ಪುಸ್ತಕದಲ್ಲೇ ಇರುತ್ತಿತ್ತು. ಜಮಾಬಂದಿಗೆ ಅಮಲ್ದಾರರು ಬಂದಾಗ ಆ ಪುಸ್ತಕವನ್ನು ನಾಲ್ಕು ಜನರ ಮುಂದೆ ಬಿಚ್ಚುತ್ತಿದ್ದರು. ಆ ಕಾಲದಲ್ಲಿ ಅನ್ಯಾಯವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ, ಬೇಕಾದಷ್ಟಿತ್ತು. ಆದರೆ ಲೆಕ್ಕ ಬರೆದವನ ಮುಖ ಕಾಣುತ್ತಿತ್ತು. ನಮ್ಮ ರಾಜ್ಯದಲ್ಲಿ 2000ದ ಹೊತ್ತಿಗೆ 'ಭೂಮಿ' ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಹೋದವು. ಆಮೇಲೆ ರೈತರ ಪಟ್ಟಿಗೆ 'ಫ್ರೂಟ್ಸ್' ಬಂತು. ನಿಮ್ಮಲ್ಲಿ ಬಹುಮಂದಿಯ ಹತ್ತಿರ ಅದರ ಎಫ್.ಐ.ಡಿ. ಸಂಖ್ಯೆ ಇದೆ. ಸಂಸಾರಗಳ ಪಟ್ಟಿಗೆ 'ಕುಟುಂಬ' ಬಂತು. ಪಡಿತರ ಚೀಟಿಯ ಪಟ್ಟಿ ಬೇರೆ, ತೆರಿಗೆ ಇಲಾಖೆಯ ಪ್ಯಾನ್ ಪಟ್ಟಿ ಬೇರೆ, ವಾಹನಗಳ ಪಟ್ಟಿ ಬೇರೆ. ಈ ಪಟ್ಟಿಗಳನ್ನು ಆಧಾರ್ ಸಂಖ್ಯೆಯ ದಾರದಲ್ಲಿ ಪೋಣಿಸಿ ಒಂದರ ಪಕ್ಕ ಒಂದನ್ನಿಟ್ಟು ನೋಡಿದರೆ, ಯಾರ ಹೆಸರು ಎರಡು ಕಡೆ ಇದೆಯೋ ಅದು ಮೇಲಕ್ಕೆ ತೇಲುತ್ತದೆ. ಲಕ್ಷಗಟ್ಟಲೆ ಹೆಸರನ್ನು ಕೆಲವೇ ನಿಮಿಷದಲ್ಲಿ ಹೀಗೆ ಜರಡಿ ಹಿಡಿಯಬಹುದು. ನೂರು ಗುಮಾಸ್ತರು ವರ್ಷವಿಡೀ ಕೂತರೂ ಆಗದ ಕೆಲಸ.

ಆದರೆ ಜರಡಿ ಎಂದರೆ ಏನೆಂದು ನಿಮಗೆ ಗೊತ್ತು. ಕಣ್ಣಿನ ಅಳತೆಗೆ ತಕ್ಕದ್ದು ಕೆಳಗೆ ಬೀಳುತ್ತದೆ, ಅಷ್ಟೆ. ಜೊಳ್ಳೂ ಗಟ್ಟಿಯೂ ಒಂದೇ ಗಾತ್ರವಿದ್ದರೆ ಎರಡೂ ಒಟ್ಟಿಗೆ ಬೀಳುತ್ತವೆ. ಅದಕ್ಕೇ ಹೆಂಗಸರು ಜರಡಿ ಹಿಡಿದ ಮೇಲೆ ಮೊರದಲ್ಲಿ ಕೇರುವುದು. ಕೇರುವ ಕೆಲಸ ಬಿಟ್ಟರೆ ಏನಾಗುತ್ತದೆ ಎಂಬುದೇ ಇಂದಿನ ವಿಷಯ.

ಇದರ ಮೇಲೆ ದೊಡ್ಡ ಚರ್ಚೆ ನಡೆದದ್ದು ಆಸ್ಟ್ರೇಲಿಯಾ ದೇಶದಲ್ಲಿ. ಅಲ್ಲಿ ಕೆಲಸವಿಲ್ಲದವರಿಗೆ, ಕಾಯಿಲೆಯವರಿಗೆ, ಓದುವ ಹುಡುಗರಿಗೆ ಸರ್ಕಾರ ಎರಡು ವಾರಕ್ಕೊಮ್ಮೆ ಸಹಾಯಧನ ಕೊಡುತ್ತದೆ. ಆ ಎರಡು ವಾರದಲ್ಲಿ ಎಷ್ಟು ಸಂಪಾದನೆಯಾಯಿತೆಂದು ಜನ ಬರೆದುಕೊಡಬೇಕು. ಸಂಪಾದನೆ ಇದ್ದರೆ ಸಹಾಯ ಕಡಮೆಯಾಗುತ್ತದೆ. ಯಾರು ಸುಳ್ಳು ಬರೆದು ಹೆಚ್ಚು ಹಣ ಪಡೆದರೆಂದು ಹುಡುಕುವ ಕೆಲಸವನ್ನು 2016ರಲ್ಲಿ ಗಣಕಯಂತ್ರಕ್ಕೆ ಬಿಟ್ಟರು. ಯಂತ್ರ ಏನು ಮಾಡಿತು? ತೆರಿಗೆ ಇಲಾಖೆಯಿಂದ ಒಬ್ಬನ ಇಡೀ ವರ್ಷದ ಸಂಪಾದನೆಯನ್ನು ತಂದು 26 ಪಾಲು ಮಾಡಿತು, ಏಕೆಂದರೆ ವರ್ಷಕ್ಕೆ ಎರಡು ವಾರದ ಅವಧಿಗಳು 26. ಪ್ರತಿ ಅವಧಿಗೂ ಇಷ್ಟಿಷ್ಟು ಸಂಪಾದನೆ ಇತ್ತೆಂದು ತಾನೇ ತೀರ್ಮಾನಿಸಿತು.

ಇದರಲ್ಲಿ ತಪ್ಪೇನೆಂದು ರೈತರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಬೆಂಗಳೂರು ಸೀಮೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 900 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. ಅದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 75 ಆಯಿತು. ಈ ಲೆಕ್ಕ ಹಿಡಿದುಕೊಂಡು ಒಬ್ಬ ಅಧಿಕಾರಿ ಬಂದು, "ಫೆಬ್ರವರಿಯಲ್ಲೂ ನಿಮ್ಮ ಹೊಲಕ್ಕೆ 75 ಮಿಲಿಮೀಟರ್ ಮಳೆ ಬಿದ್ದಿದೆಯಲ್ಲ, ಬೆಳೆ ಒಣಗಿತೆಂದು ಏಕೆ ಸುಳ್ಳು ಹೇಳಿದಿರಿ, ಬರ ಪರಿಹಾರ ಮರಳಿ ಕೊಡಿ" ಎಂದರೆ ಹೇಗಿರುತ್ತದೆ? ಅಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಆರು ತಿಂಗಳು ಹಣ್ಣು ಕೀಳುವ ಕೂಲಿ ಮಾಡಿ, ಆರು ತಿಂಗಳು ಕೆಲಸವಿಲ್ಲದೆ ಸಹಾಯಧನ ಪಡೆದವನನ್ನು ತೆಗೆದುಕೊಳ್ಳಿ. ಕೆಲಸವಿದ್ದ 13 ಅವಧಿಗಳಲ್ಲಿ ಅವನು ಸಾವಿರ ಸಾವಿರ ಡಾಲರ್ ದುಡಿದ, ಉಳಿದ 13ರಲ್ಲಿ ಸೊನ್ನೆ. ಒಟ್ಟು 13 ಸಾವಿರ. ಯಂತ್ರ ಅದನ್ನು 26 ಪಾಲು ಮಾಡಿ, ಸೊನ್ನೆಯಿದ್ದ ಅವಧಿಯಲ್ಲೂ 500 ಡಾಲರ್ ಸಂಪಾದನೆ ತೋರಿಸಿ, "ಮುಚ್ಚಿಟ್ಟೆ, ಮರಳಿ ಕಟ್ಟು" ಎಂದು ಕಾಗದ ಕಳಿಸಿತು. ಅಲ್ಲ ಎನ್ನುವವರು ಐದಾರು ವರ್ಷ ಹಿಂದಿನ ಸಂಬಳದ ಚೀಟಿಗಳನ್ನು ತಾವೇ ಹುಡುಕಿ ತರಬೇಕು. ಕೇಳಿದವನು ಏನನ್ನೂ ರುಜುವಾತು ಮಾಡಬೇಕಾಗಿಲ್ಲ, ಕೊಡಬೇಕಾದವನೇ ತಾನು ಸಾಲಗಾರನಲ್ಲವೆಂದು ತೋರಿಸಬೇಕು.

ಜನ ಕೂಗಾಡಿದರು, ಪತ್ರಿಕೆಗಳು ಬರೆದವು, ಮೂರು ವರ್ಷ ಕಾಗದಗಳು ಹೋಗುತ್ತಲೇ ಇದ್ದವು. 2019ರ ನವೆಂಬರಿನಲ್ಲಿ ಒಬ್ಬ ಮಹಿಳೆಯ ಮೊಕದ್ದಮೆಯಲ್ಲಿ ಇಂಥ ಸಾಲ ಕಾನೂನುಬದ್ಧವಲ್ಲವೆಂದು ಅಲ್ಲಿನ ಫೆಡರಲ್ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಸುಮಾರು 4 ಲಕ್ಷ 33 ಸಾವಿರ ಜನರ ಮೇಲೆ ಸುಮಾರು 176 ಕೋಟಿ ಡಾಲರ್ ಇಲ್ಲದ ಸಾಲ ಹೊರಿಸಲಾಗಿತ್ತು. ವಸೂಲು ಮಾಡಿದ್ದನ್ನು ಸರ್ಕಾರ ಹಿಂದಿರುಗಿಸಬೇಕಾಯಿತು. ವಿಚಾರಣೆಗೆ ನೇಮಿಸಿದ ಆಯೋಗ 2023ರ ಜುಲೈಯಲ್ಲಿ ವರದಿ ಕೊಟ್ಟು, ಇದು ನ್ಯಾಯವೂ ಆಗಿರಲಿಲ್ಲ, ಕಾನೂನೂ ಆಗಿರಲಿಲ್ಲವೆಂದು ಹೇಳಿತು. ಸಾಲದ ಕಾಗದ ಬಂದಮೇಲೆ ಪ್ರಾಣ ಕಳೆದುಕೊಂಡ ಹುಡುಗರ ತಾಯಂದಿರು ಆ ಆಯೋಗದ ಮುಂದೆ ಬಂದು ಸಾಕ್ಷಿ ನುಡಿದರು. 2025ರಲ್ಲಿ ಇನ್ನೂ 47 ಕೋಟಿ 50 ಲಕ್ಷ ಡಾಲರ್ ಪರಿಹಾರ ಕೊಡಲು ಸರ್ಕಾರ ಒಪ್ಪಿತು. ನೆದರ್ಲೆಂಡ್ಸಿನಲ್ಲೂ ಮಕ್ಕಳ ಪಾಲನೆಯ ಸಹಾಯಧನ ಪಡೆದ ಸಾವಿರಾರು ತಂದೆತಾಯಿಯರನ್ನು ಮೋಸಗಾರರೆಂದು ತಪ್ಪಾಗಿ ಗುರುತಿಸಿ ಹಣ ವಸೂಲು ಮಾಡಿದ ಪ್ರಕರಣದಿಂದ 2021ರ ಜನವರಿಯಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು.

ದೂರದ ದೇಶದ ಸುದ್ದಿ ನಮಗೇಕೆ ಎನ್ನಬೇಡಿ. ಪಕ್ಕದ ತೆಲಂಗಾಣದಲ್ಲೇ ಪಟ್ಟಿಗಳನ್ನು ಹೀಗೆ ಹೋಲಿಸಿ ಪಡಿತರ ಚೀಟಿಗಳನ್ನು ರದ್ದು ಮಾಡಿದಾಗ, ರಿಕ್ಷಾ ಎಳೆಯುವ ಒಬ್ಬನನ್ನು ಹೆಚ್ಚುಕಡಿಮೆ ಅದೇ ಹೆಸರಿನ ಕಾರಿನ ಮಾಲೀಕನೆಂದು ಬಗೆದು ಅವನ ಸಂಸಾರದ ಚೀಟಿ ಹೋಯಿತು. ರದ್ದಾದ ಸುಮಾರು 19 ಲಕ್ಷ ಚೀಟಿಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ಆಜ್ಞೆ ಮಾಡಿತು. ನಮ್ಮ ಕಡೆಯ ಒಂದೊಂದು ಊರಿನಲ್ಲೂ ಎಷ್ಟು ಜನ ನಾರಾಯಣಪ್ಪಂದಿರು, ಎಷ್ಟು ಜನ ಮುನಿರಾಜುಗಳು ಇದ್ದಾರೆಂದು ಎಣಿಸಿ ನೋಡಿ. ತಂದೆಯ ಹೆಸರೂ ಒಂದೇ ಇರುವವರು ಇಬ್ಬರಾದರೂ ಸಿಕ್ಕುತ್ತಾರೆ.

ನಮ್ಮ ರಾಜ್ಯದಲ್ಲಿ 2024ರ ನವೆಂಬರಿನಲ್ಲಿ ಆದ ಗಲಾಟೆ ನಿಮಗೆ ನೆನಪಿರಬೇಕು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಎಂಬ ಗುರುತಿನಿಂದ ಒಂದು ಲಕ್ಷಕ್ಕೂ ಮೀರಿದ ಬಿ.ಪಿ.ಎಲ್. ಚೀಟಿಗಳು ಪರಿಶೀಲನೆಗೆ ಬಂದವು. ಹಲವು ಮನೆಗಳ ಚೀಟಿ ಹೇಳದೆ ಕೇಳದೆ ಎ.ಪಿ.ಎಲ್. ಆಯಿತು, ಅಕ್ಕಿಗೆ ಹೋದಾಗಲೇ ಗೊತ್ತಾದದ್ದು. ಕೂಗೆದ್ದ ಮೇಲೆ ತೆರಿಗೆದಾರರನ್ನೂ ನೌಕರರನ್ನೂ ಬಿಟ್ಟು ಉಳಿದ ಅರ್ಹರ ಚೀಟಿಗಳನ್ನು ಮರಳಿಸುವುದಾಗಿ ಸರ್ಕಾರವೇ ಪ್ರಕಟಿಸಿತು. ಆಗ ಬಿ.ಪಿ.ಎಲ್. ಚೀಟಿಗೆ ಸಂಸಾರದ ಆದಾಯದ ಮಿತಿ ವರ್ಷಕ್ಕೆ 1 ಲಕ್ಷ 20 ಸಾವಿರ, ಎಂದರೆ ತಿಂಗಳಿಗೆ 10 ಸಾವಿರ. ಎಲೆಕ್ಟ್ರಾನಿಕ್ ಸಿಟಿಯ ಗೇಟಿನಲ್ಲಿ ರಾತ್ರಿ ಪಾಳಿ ನಿಲ್ಲುವ ಕಾವಲುಗಾರನ ಸಂಬಳವೂ ಅದನ್ನು ದಾಟುತ್ತದೆ. ಅವನು ತೆರಿಗೆಯನ್ನೇನೂ ಕಟ್ಟುವುದಿಲ್ಲ. ಇದು ಯಂತ್ರದ ತಪ್ಪಲ್ಲ, ಅಳತೆಗೋಲಿನದು. ಯಂತ್ರ ಬಂದಮೇಲೆ ಅದು ಎಲ್ಲರಿಗೂ ಕಾಣುವಂತಾಯಿತು ಎನ್ನಬೇಕು.

ಇನ್ನೊಂದು ಬಗೆಯ ವಸೂಲಿ ಬ್ಯಾಂಕಿನಲ್ಲಿ ನಡೆಯುತ್ತದೆ. 2023ರ ಬರಗಾಲಕ್ಕೆ ಪರಿಹಾರದ ಹಣ 2024ರಲ್ಲಿ ರೈತರ ಖಾತೆಗೆ ನೇರವಾಗಿ ಬಂದಾಗ, ಕೆಲವು ಕಡೆ ಬ್ಯಾಂಕಿನವರು ಅದನ್ನು ಹಳೆಯ ಸಾಲಕ್ಕೆ ಜಮಾ ಮಾಡಿಕೊಂಡರು. ಬಾಕಿ ಇರುವ ಖಾತೆಗೆ ಯಾವ ಹಣ ಬಂದರೂ ಹಿಡಿಯುವಂತೆ ಯಂತ್ರಕ್ಕೆ ಹೇಳಿಟ್ಟಿದ್ದರೆ ಅದು ಬೆಳೆ ಮಾರಿದ ಹಣ, ಇದು ಬರದ ಹಣ ಎಂದು ಭೇದ ಮಾಡುವುದಿಲ್ಲ. ಪರಿಹಾರವನ್ನು ಸಾಲಕ್ಕೆ ಮುರಿದುಕೊಳ್ಳಕೂಡದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಕಂದಾಯ ಸಚಿವ ಕೃಷ್ಣ ಬೈರೇಗೌಡರೂ ಆ ಮೇ ತಿಂಗಳಲ್ಲಿ ಬ್ಯಾಂಕುಗಳಿಗೆ ಎಚ್ಚರಿಕೆ ಹೇಳಿದರು. ಅದಕ್ಕೂ ಮೊದಲು, 2019ರ ಜೂನಿನಲ್ಲಿ, ಸಾಲಮನ್ನಾ ಎಂದು ಖಾತೆಗೆ ಬಂದ ಹಣ ಮರಳಿ ಹೋಗಿದೆಯೆಂದು ಯಾದಗಿರಿ ಕಡೆಯ ರೈತರು ದೂರಿದ್ದೂ ಉಂಟು.

ಇಲ್ಲಿ ಮನೆಯವರು ತಿಳಿದಿರಬೇಕಾದ ಸಂಗತಿ ಒಂದಿದೆ. ಸರ್ಕಾರದ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆಂದು ತಿಳಿಯಬೇಡಿ. ಆಧಾರ್ ಮೂಲಕ ಕಳಿಸಿದ ಹಣ, ಕೊನೆಯದಾಗಿ ಯಾವ ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಆ ಖಾತೆಗೆ ಹೋಗುತ್ತದೆ. ಚಿನ್ನದ ಸಾಲಕ್ಕೋ ಬೈಕಿನ ಸಾಲಕ್ಕೋ ಹೊಸ ಖಾತೆ ತೆರೆದಾಗ ನಿಮ್ಮ ರುಜು ಹಾಕಿಸಿಕೊಂಡು ಜೋಡಿಸಿರುತ್ತಾರೆ, ನಿಮಗೆ ನೆನಪಿರುವುದಿಲ್ಲ. ಸಾಲವಿಲ್ಲದ ಉಳಿತಾಯ ಖಾತೆಗೆ ಅದನ್ನು ಬದಲಾಯಿಸಿಕೊಡಿ ಎಂದು ಬ್ಯಾಂಕಿಗೆ ಬರೆದುಕೊಟ್ಟರೆ ಬದಲಾಯಿಸುತ್ತಾರೆ.

ಈಗ ಎದುರು ಪಕ್ಷದ ಮಾತನ್ನೂ ಕೇಳೋಣ. ಯಂತ್ರವೇ ಬೇಡವೆನ್ನುವವರಲ್ಲಿ ನಾನಿಲ್ಲ. ಪಿ.ಎಂ. ಕಿಸಾನ್ 2019ರ ಫೆಬ್ರವರಿಯಲ್ಲಿ ಶುರುವಾಯಿತು. ಎರಡೇ ವರ್ಷ ಕಳೆಯುವಷ್ಟರಲ್ಲಿ, ದೇಶದಲ್ಲಿ 42 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ ಸುಮಾರು 2,992 ಕೋಟಿ ರೂಪಾಯಿ ಹೋಗಿದೆಯೆಂದು ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಪಾರ್ಲಿಮೆಂಟಿಗೆ ಹೇಳಿತು. 2025ರ ಹೊತ್ತಿಗೆ 416 ಕೋಟಿ ಮರಳಿ ಬಂದಿತ್ತು. ಪಿಂಚಣಿಯ ಮೇಲ್ಗಡೆ ಬಾಡಿಗೆಯೂ ಬರುವವರು ಈ 2 ಸಾವಿರಕ್ಕೆ ಕೈಯೊಡ್ಡಿದ್ದನ್ನು ನಾನೇ ಕಂಡಿದ್ದೇನೆ. ಅದು ಬರಬೇಕಾದದ್ದೇ. ಮತ್ತೆ, ಮನುಷ್ಯರು ಪಟ್ಟಿ ಮಾಡುವಾಗ ಯಾರ ಹೆಸರು ಬಿಡಬೇಕು, ಯಾರದನ್ನು ಸೇರಿಸಬೇಕು ಎಂಬುದರಲ್ಲಿ ಪಕ್ಷ, ಜಾತಿ, ಕಾಸು ಎಲ್ಲ ಬರುತ್ತಿತ್ತು; ಯಂತ್ರ ಲಂಚ ಕೇಳುವುದಿಲ್ಲ ಎನ್ನುತ್ತಾರೆ. ಇದೂ ನಿಜವೇ. 2019ರಲ್ಲಿ ಅರ್ಜಿಗಳನ್ನು ತುಂಬುವ ಅವಸರದಲ್ಲಿ ನಾನೇ ರಾತ್ರಿ ಹತ್ತು ಗಂಟೆಯವರೆಗೆ ಕೂತು ಹೆಸರು ಬರೆದಿದ್ದೇನೆ. ಅದರಲ್ಲಿ ಎಷ್ಟು ತಪ್ಪು ಬರೆದೆನೋ ದೇವರೇ ಬಲ್ಲ. ಯಂತ್ರ ಹುಡುಕುವ ತಪ್ಪುಗಳಲ್ಲಿ ಕೆಲವಾದರೂ ನಮ್ಮ ಕೈಯವೇ.

ಹಾಗಾದರೆ ನಾನು ಹೇಳುವುದೇನು? ಯಂತ್ರ ಹೆಸರನ್ನು ಎತ್ತಿ ತೋರಿಸಲಿ. ತೋರಿಸಿದ ಮೇಲೆ ಒಬ್ಬ ಮನುಷ್ಯ ಆ ಕಡತ ಬಿಚ್ಚಿ ನೋಡಬೇಕು, ಮನೆಯವರನ್ನು ಕರೆದು ಕೇಳಬೇಕು, ಆಮೇಲೆ ತಗಾದೆ ಕಳಿಸಬೇಕು. ಕೇಳುವವನೇ ಕಾರಣ ತೋರಿಸಬೇಕು. ಹಣ ಕೊಡುವಾಗ ಹತ್ತು ಕಾಗದ ಕೇಳಿದ ಸರ್ಕಾರ, ಹಣ ಕಿತ್ತುಕೊಳ್ಳುವಾಗ ಒಂದಾದರೂ ಕಾಗದ ತೋರಿಸಬೇಡವೇ? ಸರ್ಕಾರಿ ನೌಕರರ ವಿಷಯದಲ್ಲೇ, ತಪ್ಪಾಗಿ ಹೆಚ್ಚು ಸಂಬಳ ಕೊಟ್ಟಿದ್ದರೂ ಕೆಳದರ್ಜೆಯವರಿಂದ, ನಿವೃತ್ತರಿಂದ ಅದನ್ನು ವಸೂಲು ಮಾಡಕೂಡದೆಂದು 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಒಂದು ಮೊಕದ್ದಮೆಯಲ್ಲಿ ಹೇಳಿದೆ. ಆ ತೀರ್ಪು ನೌಕರರದ್ದು, ರೈತನಿಗೆ ನೇರವಾಗಿ ತಗುಲುವುದಿಲ್ಲ. ಆದರೂ ನಮ್ಮಂಥ ನೌಕರರಿಗೆ ಸಿಕ್ಕಿದ ಕರುಣೆ ಎರಡೆಕರೆಯವನಿಗೆ ಏಕೆ ಬೇಡವೆಂದು ನನಗೆ ಅನ್ನಿಸುತ್ತದೆ.

ಇನ್ನು ಕಾಗದ ಬಂದರೆ ಏನು ನೋಡಬೇಕು, ಅದಕ್ಕೆ ಬರೋಣ. ಎಲೆಕ್ಟ್ರಾನಿಕ್ ಸಿಟಿಯ ಸುತ್ತಿನ ಹಳ್ಳಿಗಳಲ್ಲಿ ತೊಡಕು ಹೆಚ್ಚು. ಕಿಯೋನಿಕ್ಸ್ ಸಂಸ್ಥೆಯವರು 1970ರ ದಶಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಇದನ್ನು ಶುರುಮಾಡಿದಾಗ ಸುತ್ತ ರಾಗಿ ಹೊಲಗಳಿದ್ದವು. ಈಗ ಒಂದೇ ಮನೆಯಲ್ಲಿ ಅಪ್ಪ ರಾಗಿ ಬೆಳೆಯುತ್ತಾನೆ, ಹಿರಿಮಗ ಕಂಪನಿಗೆ ಕ್ಯಾಬ್ ಓಡಿಸುತ್ತಾನೆ, ಸೊಸೆ ಬೊಮ್ಮಸಂದ್ರದ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಕಿರಿಮಗ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಇಂಥ ಮನೆಯಲ್ಲಿ ಸಂಸಾರ ಎಂದರೆ ಯಾರು ಯಾರು?

ಇದಕ್ಕೆ ಒಂದೊಂದು ಯೋಜನೆಯದು ಒಂದೊಂದು ಉತ್ತರ, ಮೋಸ ಹೋಗುವುದು ಇಲ್ಲೇ. ಪಿ.ಎಂ. ಕಿಸಾನ್ ನಿಯಮದಲ್ಲಿ ಸಂಸಾರ ಎಂದರೆ ಗಂಡ, ಹೆಂಡತಿ, 18 ತುಂಬದ ಮಕ್ಕಳು, ಅಷ್ಟೆ. ಆದುದರಿಂದ ನಿಮ್ಮ ವಯಸ್ಸಿಗೆ ಬಂದ ಮಗ ಎಂಜಿನಿಯರಾಗಿದ್ದರೂ, ಎಷ್ಟೇ ತೆರಿಗೆ ಕಟ್ಟಿದರೂ, ಜಮೀನು ನಿಮ್ಮ ಹೆಸರಿನಲ್ಲಿದ್ದರೆ ನಿಮ್ಮ ಕಂತು ನಿಲ್ಲಬಾರದು. ಪಡಿತರ ಚೀಟಿಯಲ್ಲಿ ಹಾಗಲ್ಲ. ಚೀಟಿಯಲ್ಲಿ ಹೆಸರಿರುವವರೆಲ್ಲರೂ ಒಂದು ಸಂಸಾರ. ಮಗ ಮದುವೆಯಾಗಿ ಬೇರೆ ಒಲೆ ಹೂಡಿ ಐದು ವರ್ಷವಾಗಿದ್ದರೂ ಹೆಸರು ನಿಮ್ಮ ಚೀಟಿಯಲ್ಲೇ ಉಳಿದಿದ್ದರೆ ಅವನ ಸಂಬಳ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಗೃಹಲಕ್ಷ್ಮಿ ಯೋಜನೆಯಲ್ಲಿ ಯಜಮಾನಿ ಇಲ್ಲವೆ ಅವಳ ಗಂಡ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿ.ಎಸ್.ಟಿ. ಲೆಕ್ಕ ಸಲ್ಲಿಸುವವರಾಗಿರಬಾರದು ಎಂದಿದೆ. ಮಗನ ಮಾತು ಅಲ್ಲಿಲ್ಲ.

ಎರಡನೆಯದು, ತೆರಿಗೆ ಕಟ್ಟುವುದು ಬೇರೆ, ತೆರಿಗೆಯ ಲೆಕ್ಕ ಸಲ್ಲಿಸುವುದು ಬೇರೆ. ಬೈಕಿನ ಸಾಲ ಬೇಕೆಂದರೆ "ಎರಡು ವರ್ಷದ ರಿಟರ್ನ್ ತನ್ನಿ" ಎನ್ನುತ್ತಾರೆ. ಅಂಗಡಿಯ ಹುಡುಗ ಐನೂರು ರೂಪಾಯಿ ತೆಗೆದುಕೊಂಡು ಒಂದು ಲೆಕ್ಕ ಹಾಕಿಬಿಡುತ್ತಾನೆ. ತೆರಿಗೆ ಸೊನ್ನೆ. ಆದರೂ ಪ್ಯಾನ್ ಪಟ್ಟಿಯಲ್ಲಿ ನಿಮ್ಮ ಹೆಸರು ಕೂತಿತು. ಗುತ್ತಿಗೆದಾರ ಕೂಲಿಯಲ್ಲಿ ಮುಂಗಡ ತೆರಿಗೆ ಹಿಡಿದಿದ್ದರೂ ಹಾಗೇ. ಪಿ.ಎಂ. ಕಿಸಾನ್ ನಿಯಮ ಹೇಳುವುದು ಹಿಂದಿನ ತೆರಿಗೆ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರನ್ನು ಬಿಡಬೇಕೆಂದು. ಲೆಕ್ಕ ಸಲ್ಲಿಸಿ ಸೊನ್ನೆ ತೆರಿಗೆಯಾದವರು ಕಟ್ಟಿದವರಾಗುವುದಿಲ್ಲ. ಆದುದರಿಂದ ಮೊದಲ ಪ್ರಶ್ನೆ ಇದು: ಯಾರ ಪ್ಯಾನ್, ಯಾವ ವರ್ಷ, ಎಷ್ಟು ತೆರಿಗೆ? ವರ್ಷದ ಮೇಲೆ ಒತ್ತಿ ಕೇಳಿ. ಒಂದು ವರ್ಷ ನಿಜವಾಗಿಯೂ ತೆರಿಗೆ ಕಟ್ಟಿದ್ದರೆ ಅದರ ಲೆಕ್ಕ ಎಷ್ಟು ಕಂತಿಗೆ ತಗುಲುತ್ತದೆ, ಮೊದಲಿನಿಂದ ಕೊಟ್ಟದ್ದನ್ನೆಲ್ಲಾ ಏಕೆ ಕೇಳುತ್ತಿದ್ದೀರಿ ಎಂದು ಬರೆದು ಕೇಳಬಹುದು. ನಮ್ಮ ರಾಜ್ಯ ಸರ್ಕಾರ 2019ರಿಂದ ಇದರ ಜೊತೆಗೆ ವರ್ಷಕ್ಕೆ 4 ಸಾವಿರ ಸೇರಿಸಿ ಕೊಡುತ್ತಿತ್ತು, 2023ರಲ್ಲಿ ಅದು ನಿಂತಿತು. ಕೇಳಿರುವ ಮೊತ್ತದಲ್ಲಿ ಯಾವುದು ಕೇಂದ್ರದ್ದು, ಯಾವುದು ರಾಜ್ಯದ್ದು ಎಂಬುದನ್ನೂ ಬಿಡಿಸಿ ಕೇಳಿ.

ಜಮೀನಿನ ತಾರೀಕೂ ಮುಖ್ಯ. 2019ರ ಫೆಬ್ರವರಿ 1ರಂದು ಪಹಣಿಯಲ್ಲಿ ಯಾರ ಹೆಸರಿತ್ತೋ ಅವರಿಗೆ ಈ ಹಣ. ಆಮೇಲೆ ಕೊಂಡವರಿಗೆ ಇಲ್ಲ. ತಂದೆ ತೀರಿಹೋಗಿ ಪೌತಿ ಖಾತೆಯಾದರೆ ಉಂಟು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಮೀನಿದ್ದರೆ ಒಬ್ಬರಿಗೆ ಮಾತ್ರ. ಪಹಣಿಯಲ್ಲಿ ರಾಗಿ ಎಂದಿದ್ದು ನೆಲದ ಮೇಲೆ ಶೆಡ್ಡೋ ಬಾಡಿಗೆ ಮನೆಯೋ ಎದ್ದಿದ್ದರೆ, ಆ ಜಮೀನಿಗೆ ಇಲ್ಲ. ನಮ್ಮ ಕಡೆ ಇಂಥವು ಎಷ್ಟಿವೆಯೆಂದು ನಿಮಗೇ ಗೊತ್ತು, ನಾನು ಬೆರಳು ಮಾಡಿ ತೋರಿಸುವುದಿಲ್ಲ. ಇವುಗಳಲ್ಲಿ ಯಾವುದಾದರೂ ನಿಮಗೆ ತಗುಲಿದರೆ ತಕರಾರು ಮಾಡಿ ಫಲವಿಲ್ಲ. ಪಿ.ಎಂ. ಕಿಸಾನ್ ಜಾಲತಾಣದಲ್ಲೇ ಹಣ ಮರಳಿಸುವ ಅನುಕೂಲವೂ, ಇನ್ನು ಮುಂದೆ ಬೇಡವೆಂದು ಬಿಟ್ಟುಕೊಡುವ ಅನುಕೂಲವೂ ಇವೆ. ಕಟ್ಟಿ ರಸೀದಿ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಕೊಂಡಿಯನ್ನು ಒತ್ತಿ ಮಾತ್ರ ಕಟ್ಟಬೇಡಿ. ಪಿ.ಎಂ. ಕಿಸಾನ್ ಹೆಸರಿನಲ್ಲಿ ಸುಳ್ಳು ಆಪ್ ಕಳಿಸಿ ಖಾತೆ ಬರಿದು ಮಾಡುವ ಕಳ್ಳರಿದ್ದಾರೆ.

ತಪ್ಪಾಗಿ ಕೇಳಿದ್ದಾರೆಂದು ಕಂಡರೆ ಬಾಯಿಮಾತಿನಲ್ಲಿ ಬಿಡಬೇಡಿ. ಕೇಳಿದ ಕಛೇರಿಗೇ ಬರಹದಲ್ಲಿ ಉತ್ತರ ಕೊಟ್ಟು, ನಕಲಿನ ಮೇಲೆ ಮೊಹರು, ತಾರೀಕು ಹಾಕಿಸಿಕೊಳ್ಳಿ. ಪಿ.ಎಂ. ಕಿಸಾನ್ ವಿಷಯಕ್ಕೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ, ದೂರವಾಣಿ 155261 ಇದೆ. ಪಡಿತರಕ್ಕೆ ತಾಲ್ಲೂಕು ಕಛೇರಿಯ ಆಹಾರ ಶಾಖೆ, ಅಲ್ಲಿ ಆಗದಿದ್ದರೆ 2013ರ ಆಹಾರ ಭದ್ರತಾ ಕಾಯಿದೆಯಂತೆ ಜಿಲ್ಲೆಯ ಕುಂದುಕೊರತೆ ಅಧಿಕಾರಿ. ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. "ನನ್ನ ಹೆಸರನ್ನು ಯಾವ ದಾಖಲೆಯ ಆಧಾರದ ಮೇಲೆ ಅನರ್ಹವೆಂದು ಗುರುತಿಸಲಾಗಿದೆ, ಅದನ್ನು ಪರಿಶೀಲಿಸಿದ ಅಧಿಕಾರಿಯ ಹುದ್ದೆ ಯಾವುದು, ನಕಲು ಕೊಡಿ" ಎಂದರೆ ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ಸಲಹೆ ಪುಕ್ಕಟೆ.

ಆ ಹಿರಿಯರ ಮಾತಿಗೆ ಬರುತ್ತೇನೆ. ಹೋದ ಒಂದೆಕರೆಗೆ ಬಂದ ಪರಿಹಾರವನ್ನು ಅವರು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು. ಬಡ್ಡಿಯಲ್ಲಿ ಬ್ಯಾಂಕು ಮುಂಗಡ ತೆರಿಗೆ ಹಿಡಿಯಿತು. ತೆರಿಗೆ ಬೀಳುವಷ್ಟು ಆದಾಯ ನನಗಿಲ್ಲವೆಂಬ ಘೋಷಣೆಯನ್ನು ವರ್ಷದ ಆರಂಭದಲ್ಲೇ ಬರೆದುಕೊಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಿಡಿದದ್ದನ್ನು ಬಿಡಿಸಿಕೊಳ್ಳಲು ತಂಗಿಯ ಮಗ ಒಂದು ವರ್ಷ ಲೆಕ್ಕ ಸಲ್ಲಿಸಿದ. ಹಿಡಿದ ಹಣವೆಲ್ಲ ಮರಳಿ ಬಂತು, ತೆರಿಗೆ ಸೊನ್ನೆ. ಜರಡಿಯ ಕಣ್ಣಿಗೆ ಬಿದ್ದದ್ದು ಆ ಒಂದು ಲೆಕ್ಕ. ತೆರಿಗೆ ಇಲಾಖೆಯ ಹಿಂಪಾವತಿಯ ಕಾಗದ, ಬ್ಯಾಂಕಿನ ಪಾಸುಪುಸ್ತಕದ ನಕಲು, ಪಹಣಿ ಮೂರನ್ನೂ ಸೇರಿಸಿ ನಾವು ಉತ್ತರ ಬರೆದೆವು. ನಾಲ್ಕು ತಿಂಗಳು ಏನೂ ಬರಲಿಲ್ಲ. ಎರಡನೆಯ ಸಲ ಬರೆದೆವು. ಕೊನೆಗೆ ವಸೂಲಿ ಕೈಬಿಟ್ಟಿದೆಯೆಂದು ಒಂದು ಸಾಲಿನ ಉತ್ತರ ಬಂತು, ತಪ್ಪಾಯಿತೆಂಬ ಮಾತು ಅದರಲ್ಲಿರಲಿಲ್ಲ. ನಿಂತಿದ್ದ ಕಂತುಗಳಲ್ಲಿ ಎರಡು ಬಂದಿವೆ, ಎರಡು ಬರಬೇಕಾಗಿದೆ. ಅದಕ್ಕೆ ಮೂರನೆಯ ಅರ್ಜಿ ಬರೆದಿಟ್ಟಿದ್ದೇನೆ, ಸೋಮವಾರ ಬಂದು ರುಜು ಹಾಕುತ್ತೇನೆಂದಿದ್ದಾರೆ. ಹಸು ಕರು ಹಾಕಿದೆ.